ಮಿಂಚುಬೆಳಕೂ ಮುಧೋಳದ ನಾಯಿಯೂ

ನಮ್ಮ ಹಳ್ಳಿಯ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಭಾವಚಿತ್ರ ತೂಗುತ್ತಿದೆ. 1962ನೆಯ ಇಸವಿಯಲ್ಲಿ ನನ್ನ ಸೋದರತ್ತೆಯ ಮದುವೆಯ ಹಿಂದಿನ ರಾತ್ರಿ ತೆಗೆದುದು. ನಡುವೆ ಜಮಖಾನೆಯ ಮೇಲೆ ನಮ್ಮ ಅಜ್ಜ ಕುಳಿತಿದ್ದಾರೆ. ಅವರ ಮೊಣಕಾಲಿಗೆ ಮೈಯೊರಗಿಸಿಕೊಂಡು ಒಂದು ನಾಯಿ ನಿಂತಿದೆ. ಅಜ್ಜನ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿದೆ. ಹಿಂದಿನ ಗೋಡೆಯ ಮೇಲೆ ಕತ್ತರಿಯಿಂದ ಕತ್ತರಿಸಿ ಅಂಟಿಸಿದಂತೆ ಕರಿಯ ನೆರಳು ಬಿದ್ದಿದೆ. ನಾಯಿಗಂತೂ ಕಣ್ಣುಗಳೇ ಇಲ್ಲ. ಇರಬೇಕಾದ ಸ್ಥಳದಲ್ಲಿ ಎರಡು ಬೆಳ್ಳಿಯ ಪಾವಲಿಗಳು ಹೊಳೆಯುತ್ತಿವೆ.

ಆ ನಾಯಿಯನ್ನು ಕಣ್ಣಾರೆ ಕಂಡವರು ಈಗ ನಮ್ಮ ಮನೆತನದಲ್ಲಿ ಮೂವರು ಮಾತ್ರ ಉಳಿದಿದ್ದೇವೆ. ಅದರ ನೋಟ ಎಷ್ಟು ಗಂಭೀರವಾದುದು, ಎಷ್ಟು ಮಾತನಾಡುವಂಥದು ಎಂಬುದನ್ನು ಕಾಣದವರಿಗೆ ತಿಳಿಸೋಣವೆಂದು ಈ ಚಿತ್ರವನ್ನು ತೋರಿಸಿದರೆ ದೊಡ್ಡವರು ನಗುತ್ತಾರೆ, ಚಿಕ್ಕ ಮಕ್ಕಳು ಹೆದರುತ್ತವೆ. ಅದರ ಬೇರೊಂದು ಚಿತ್ರವಿಲ್ಲ. ಮಿಂಚು ಹೊಡೆದ ಕ್ಷಣದಲ್ಲಿಯೇ ಅದು ಅಂಗಳ ದಾಟಿ ಕಬ್ಬಿನ ಗದ್ದೆಗೆ ನುಗ್ಗಿತು. ಮರುದಿನ ಅಕ್ಷತೆ ಬೀಳುವವರೆಗೂ ಮರಳಲಿಲ್ಲ. ಫೋಟೋದವನು ನಾಯಿಯನ್ನು ಬೈದನು. ಅಜ್ಜ ಹೇಳಿದ ಮಾತು ನನಗೆ ನೆನಪಿದೆ: “ಅದರ ಕಣ್ಣಾಗ ಸಿಡ್ಲು ಹೊಡದ್ರ ಅದು ನಿಂದರತದೇನು, ತಮ್ಮಾ?”

ತಪ್ಪು ನಾಯಿಯದಲ್ಲವೆಂಬುದು ನಿಶ್ಚಯ. ಫೋಟೋದವನದೂ ಪೂರ್ತಿಯಾಗಿ ಅಲ್ಲ. ಯಾರದೆಂದು ಅರಸುತ್ತ ಹೋದ ನನಗೆ ಒಂದು ಚರಿತ್ರೆಯೇ ಎದುರಾಯಿತು. ಕೇಳುವವರ ಅಪ್ಪಣೆಯಿಂದ ಈ ಹೊತ್ತು ಅದನ್ನು ನಿವೇದಿಸುತ್ತೇನೆ.

ಮೊದಲು ನಾಯಿಯ ವಿಷಯ. ಮುಧೋಳವು ಘಟಪ್ರಭೆಯ ದಡದ ಊರು. ಕವಿ ರನ್ನನ ಹುಟ್ಟೂರೆಂದು ಕನ್ನಡಿಗರೆಲ್ಲರೂ ಬಲ್ಲರು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಅದು ಘೋರ್ಪಡೆ ಮನೆತನದವರ ಸಂಸ್ಥಾನವಾಗಿದ್ದಿತು. ಅಲ್ಲಿಯ ರಾಜರಾದ ಮಾಲೋಜಿರಾವ್ ಘೋರ್ಪಡೆಯವರು ಆ ಸೀಮೆಯ ಬೇಡರೂ ಒಕ್ಕಲಿಗರೂ ಸಾಕಿಕೊಂಡು ಬಂದಿದ್ದ ಬೇಟೆನಾಯಿಗಳನ್ನು ಆರಿಸಿ ತಳಿಯನ್ನು ಉದ್ಧಾರಮಾಡಿದರು. ಐದನೆಯ ಜಾರ್ಜ್ ದೊರೆಗೆ ಒಂದು ಜೊತೆಯನ್ನು ಕಾಣಿಕೆಯಾಗಿ ಕೊಟ್ಟರು. ಅಂದಿನಿಂದ ಮುಧೋಳದ ಹೆಸರು ಆ ನಾಯಿಗೆ ಹೊರದೇಶಗಳಲ್ಲಿಯೂ ಅಂಟಿಕೊಂಡಿತು. 2005ರಲ್ಲಿ ನಮ್ಮ ಅಂಚೆ ಇಲಾಖೆಯವರು ನಾಲ್ಕು ದೇಶೀಯ ನಾಯಿಗಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಇದೂ ಒಂದಾಗಿದ್ದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾನಿಲಯದವರು ಇದರ ತಳಿಯನ್ನು ಕಾಪಾಡುವ ಕೇಂದ್ರವೊಂದನ್ನು ನಡೆಸುತ್ತಿದ್ದಾರೆ.

ಈ ನಾಯಿ ಮೂಸಿ ಬೇಟೆಯಾಡುವ ಜಾತಿಯದಲ್ಲ, ನೋಡಿ ಬೇಟೆಯಾಡುವ ಜಾತಿಯದು. ಉದ್ದವಾದ ಕಿರಿದಾದ ತಲೆ, ಆಳವಾದ ಎದೆ, ಮುಷ್ಟಿಯಲ್ಲಿ ಹಿಡಿಯಬಹುದೇನೋ ಎನ್ನಿಸುವ ನಡು, ಮೈಗೆ ಅಂಟಿದಂತಿರುವ ಗಿಡ್ಡ ನುಣುಪು ಕೂದಲು. ಗಂಡುನಾಯಿ ಭುಜದ ಹತ್ತಿರ ಎರಡೂಕಾಲು ಅಡಿಗೂ ಮಿಗಿಲಾಗಿ ನಿಲ್ಲುತ್ತದೆ. ದೂರದ ಮೊಲದ ಕಿವಿ ಅಲುಗಿದರೂ ಅದರ ಕಣ್ಣಿಗೆ ಬೀಳುತ್ತದೆ. ಪರರು ಮೈಮುಟ್ಟುವುದನ್ನು ಅದು ಸಹಿಸುವುದು ಕಡಮೆ; ಬಾಲ ಅಲ್ಲಾಡಿಸಿ ಒಲಿಸಿಕೊಳ್ಳುವ ಸ್ವಭಾವವೂ ಅಲ್ಲ. ಇಂಥ ಪ್ರಾಣಿಯ ಭಾವಚಿತ್ರದಲ್ಲಿ ಕಣ್ಣು ಹೋಯಿತೆಂದರೆ ಉಳಿಯುವುದೇನು?

ಇನ್ನು ಬೆಳಕಿನ ಕಥೆ. 1839ರಲ್ಲಿ ಪಾರಿಸಿನ ದಾಗೆರ್ ತನ್ನ ವಿದ್ಯೆಯನ್ನು ಲೋಕಕ್ಕೆ ಪ್ರಕಟಪಡಿಸಿದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಹೊತ್ತು ಹಿಡಿಯುತ್ತಿದ್ದಿತು. ಮನುಷ್ಯರ ತಲೆಯ ಹಿಂದೆ ಕಬ್ಬಿಣದ ಕವಲನ್ನು ಕೊಟ್ಟು ಕೂರಿಸುತ್ತಿದ್ದರು. ನಾಯಿಗೆ ಅದನ್ನು ಕೊಡುವವರಾರು? ಆ ಕಾಲದ ಅನೇಕ ಕುಟುಂಬಚಿತ್ರಗಳಲ್ಲಿ ಯಜಮಾನನ ಕಾಲ ಬಳಿ ಹೊಗೆಯಂಥ ಕಲೆಯೊಂದು ಕಾಣುತ್ತದೆ. ಅದು ಆ ಮನೆಯ ನಾಯಿ. ನಿದ್ದೆ ಹೋದ ನಾಯಿಯೇ ಅಂದಿನ ಉತ್ತಮ ನಾಯಿ.

ಹೀಗಿದ್ದರೂ ಆ ಹಳೆಯ ಚಿತ್ರಗಳಲ್ಲಿ ಒಂದು ಸೊಗಸುಂಟು. ಚಿತ್ರಶಾಲೆಗಳ ಉತ್ತರದ ಗೋಡೆಯನ್ನೂ ಮಾಡನ್ನೂ ಗಾಜಿನಿಂದ ಕಟ್ಟಿ, ಅದಕ್ಕೆ ತೆಳುವಾದ ಬಟ್ಟೆಯ ಪರದೆಗಳನ್ನು ಬಿಟ್ಟು, ಬೇಕಾದಷ್ಟು ಎಳೆದು ಸರಿಸಿ ಬೆಳಕನ್ನು ಹದಗೊಳಿಸುತ್ತಿದ್ದರು. ಬೆಳಕು ದೊಡ್ಡ ಕಿಟಕಿಯಿಂದ ಹಾಲಿನಂತೆ ಹರಿದು ಬಂದು ಕೆನ್ನೆಯನ್ನು ಸುತ್ತಿಕೊಳ್ಳುತ್ತಿದ್ದಿತು. ಮುಂದೆ ಮಿಂಚುಬೆಳಕು ಕೈಗೆ ಬಂದಾಗ ಕಳೆದುಹೋದುದು ಈ ಹದವೇ.

ಕತ್ತಲೆಯನ್ನು ಗೆಲ್ಲಬೇಕೆಂಬ ಹಂಬಲ ಬೇಗನೆ ಮೊದಲಾಯಿತು. 1851ರಲ್ಲಿ ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ ಗರಗರನೆ ತಿರುಗುವ ಚಕ್ರಕ್ಕೆ ವೃತ್ತಪತ್ರಿಕೆಯ ಹಾಳೆಯನ್ನು ಅಂಟಿಸಿ, ವಿದ್ಯುತ್ತಿನ ಕಿಡಿಯೊಂದನ್ನು ಹಾರಿಸಿ, ಆ ಕಿಡಿಯ ಬೆಳಕಿನಲ್ಲಿಯೇ ಅಕ್ಷರಗಳನ್ನು ಹಿಡಿದು ತೋರಿಸಿದನು. ಪಾರಿಸಿನ ನಾದಾರ್ ವಿದ್ಯುತ್ ಬ್ಯಾಟರಿಗಳನ್ನು ಜೋಡಿಸಿ ರಾತ್ರಿಯ ವೇಳೆ ಭಾವಚಿತ್ರಗಳನ್ನು ತೆಗೆದನು. 1861ರ ಸುಮಾರಿಗೆ ಆ ನಗರದ ನೆಲದಡಿಯ ಎಲುಬಿನ ಗವಿಗಳಿಗೂ ದೀಪವನ್ನು ಇಳಿಸಿದನು. ಅಲ್ಲಿ ಒಂದೊಂದು ಚಿತ್ರಕ್ಕೆ ಹದಿನೆಂಟು ನಿಮಿಷಗಳವರೆಗೆ ಬೇಕಾದುದರಿಂದ ಕೆಲಸಗಾರರ ಬದಲು ಬಟ್ಟೆ ತೊಡಿಸಿದ ಗೊಂಬೆಗಳನ್ನು ನಿಲ್ಲಿಸಬೇಕಾಯಿತು.

ನನ್ನ ವಿಷಯಕ್ಕೆ ಬೇಕಾದುದು ನಾದಾರನ ಗವಿಯಲ್ಲ, ಅವನ ಮೊದಲ ಸೋಲು. ಅವನ ಆರಂಭದ ಭಾವಚಿತ್ರಗಳು ನಮ್ಮ ಅಜ್ಜನ ಚಿತ್ರದಂತೆಯೇ ಕೆಟ್ಟುಹೋದುವು: ಬೆಳಕಿದ್ದೆಡೆ ಸುಣ್ಣ, ಉಳಿದೆಡೆ ಮಸಿ. ಅವನು ಮಸಕುಗಾಜನ್ನು ಅಡ್ಡ ಹಿಡಿದು ನೋಡಿದನು, ಹೆಚ್ಚಿನ ಫಲವಾಗಲಿಲ್ಲ. ಬಳಿಕ ಬಿಳಿಯ ದಪ್ಪ ಬಟ್ಟೆಯ ಪರದೆಗಳನ್ನು ನಿಲ್ಲಿಸಿ ಬೆಳಕು ಅವುಗಳಿಂದ ಪುಟಿದು ಬರುವಂತೆ ಮಾಡಿದನು. ದೊಡ್ಡ ಕನ್ನಡಿಗಳನ್ನು ಸೇರಿಸಿ ನೆರಳಿನ ಕಡೆಗೆ ಬೆಳಕನ್ನು ತಿರುಗಿಸಿದನು. ಆಗ ಮುಖ ಮುಖವಾಯಿತು. ಅಂದರೆ ಕೃತಕ ಬೆಳಕಿನ ಆರಂಭದ ಕಾಲದಲ್ಲಿಯೇ ಅದರ ಮದ್ದೂ ಕಂಡುಬಂದಿದ್ದಿತು. ಆ ಮದ್ದು ಬಟ್ಟೆಯಂಗಡಿಯಲ್ಲಿ ದೊರೆಯುವಂಥದು. ನೂರು ವರ್ಷಗಳ ಮೇಲೆ ನಮ್ಮ ಮದುವೆಮನೆಗೆ ಬಂದವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ತರುವಾಯ ಮೆಗ್ನೀಸಿಯಮ್ ಲೋಹದ ಕಾಲ. ಅದರ ಪಟ್ಟಿಯನ್ನು ಉರಿಸಿದರೆ ಕಣ್ಣು ಕೋರೈಸುವ ಬಿಳಿಯ ಬೆಳಕು. 1864ರಲ್ಲಿ ಆಲ್ಫ್ರೆಡ್ ಬ್ರದರ್ಸ್ ಎಂಬವನು ಡರ್ಬಿಷೈರಿನ ಗುಹೆಯಲ್ಲಿಯೂ, ಮರುವರ್ಷ ಪಿಯಾಟ್ಸಿ ಸ್ಮಿತ್ ಎಂಬ ಖಗೋಳಶಾಸ್ತ್ರಜ್ಞನು ಈಜಿಪ್ಟಿನ ಮಹಾ ಪಿರಮಿಡ್ಡಿನ ಒಳಗೂ ಇದರಿಂದ ಚಿತ್ರ ತೆಗೆದರು. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಎಂಬಿಬ್ಬರು ಅದೇ ಲೋಹದ ಪುಡಿಗೆ ಪೊಟ್ಯಾಸಿಯಮ್ ಕ್ಲೋರೇಟನ್ನೂ ಆಂಟಿಮನಿ ಸಲ್ಫೈಡನ್ನೂ ಬೆರೆಸಿ ಮಿಂಚಿನ ಪುಡಿಯನ್ನು ಸಿದ್ಧಪಡಿಸಿದರು. ಇದು ಬೆಳಕೂ ಹೌದು, ಸಿಡಿಮದ್ದೂ ಹೌದು. ಢಮ್ಮೆಂಬ ಸದ್ದು, ಬಿಳಿಯ ಹೊಗೆ, ಸುಟ್ಟ ಹುಬ್ಬು.

ನ್ಯೂಯಾರ್ಕಿನ ಬಡವರ ಕೊಠಡಿಗಳನ್ನು ಲೋಕಕ್ಕೆ ತೋರಿಸಿದ ಪತ್ರಕರ್ತ ಜೇಕಬ್ ರೀಸ್ ಈ ಪುಡಿಯನ್ನು ಮೊದಲು ಪಿಸ್ತೂಲಿನಂಥ ಉಪಕರಣದಿಂದ ಹಾರಿಸುತ್ತಿದ್ದನು. ನಡುರಾತ್ರಿಯಲ್ಲಿ ಪಿಸ್ತೂಲು ಕಂಡ ಜನ ಕಿಟಕಿಯಿಂದ ಹಾರಿ ಓಡತೊಡಗಿದರು. ಕಡೆಗೆ ಅವನು ಅಡುಗೆಮನೆಯ ಕಾವಲಿಯನ್ನು ತಂದು ಅದರ ಮೇಲೆ ಪುಡಿಯನ್ನಿಟ್ಟು ಉರಿಸಿದನು. ಅದು ಹೆಚ್ಚು ಮನೆಯದೆನ್ನಿಸುವಂತೆ ತೋರಿತಂತೆ! ಎರಡು ಬಾರಿ ಮನೆಗೂ ಒಂದು ಬಾರಿ ತನಗೂ ಬೆಂಕಿ ಹಚ್ಚಿಕೊಂಡುದನ್ನು ತಾನೇ ಬರೆದಿಟ್ಟಿದ್ದಾನೆ. ರೀಸನ 1890ರ ಪುಸ್ತಕ ಬಡವರ ವಸತಿಯ ಸುಧಾರಣೆಗೆ ಕಾರಣವಾದುದು ನಿಜ. ಆದರೆ ಆ ಚಿತ್ರಗಳಲ್ಲಿರುವವರ ಕಣ್ಣುಗಳನ್ನು ನೋಡಿದರೆ ಬಡತನದ ಜೊತೆಗೆ ಮಿಂಚಿನ ಬೆದರಿಕೆಯೂ ಕಾಣುತ್ತದೆ. ಎರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟ.

ಮನುಷ್ಯರ ಗತಿ ಹೀಗಾದರೆ ಪ್ರಾಣಿಗಳ ಗತಿಯೇನು? ಅಮೆರಿಕದ ಜಾರ್ಜ್ ಷೈರಸ್ ಎಂಬ ವಕೀಲನು ದೋಣಿಯಲ್ಲಿ ಕುಳಿತು, ಕತ್ತಲಲ್ಲಿ ನೀರಿಗೆ ಬಂದ ಜಿಂಕೆಗಳ ಕಡೆಗೆ ದೀಪ ತೋರಿಸಿ, ಅವು ಬೆರಗಾಗಿ ನಿಂತಾಗ ಮಿಂಚಿನ ಪುಡಿಯನ್ನು ಹಾರಿಸಿದನು. 1906ರ ಜುಲೈಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯು ಅವನ 74 ಚಿತ್ರಗಳನ್ನು ಒಟ್ಟಿಗೆ ಅಚ್ಚುಮಾಡಿತು. ನಮ್ಮ ದೇಶದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಶಿವಾಲಿಕದ ಕಾಡುಗಳಲ್ಲಿ ಹುಲಿಯ ದಾರಿಗೆ ತಂತಿಯನ್ನು ಕಟ್ಟಿ, ಹುಲಿ ಅದನ್ನು ತುಳಿದಾಗ ತಾನಾಗಿಯೇ ಮಿಂಚು ಹೊಡೆಯುವಂತೆ ಮಾಡಿ, 1927ರಲ್ಲಿ ಪುಸ್ತಕವನ್ನು ಪ್ರಕಟಿಸಿದನು. ಬಂದೂಕಿನ ಬದಲು ಕ್ಯಾಮೆರಾ ಹಿಡಿದ ಇವರಿಬ್ಬರೂ ಗೌರವಕ್ಕೆ ಅರ್ಹರೇ. ಆದರೆ ಕಾಡಿನ ಜಿಂಕೆ ಬೆದರಿ ಓಡಿದರೆ ಚಿತ್ರಗಾರನಿಗೆ ನಷ್ಟವಿಲ್ಲ. ಚಿತ್ರ ಸಿಕ್ಕಿತು, ಕೆಲಸ ಮುಗಿಯಿತು. ಮನೆಯ ನಾಯಿಯ ವಿಚಾರ ಹಾಗಲ್ಲ. ಮರುದಿನವೂ ಅದು ನಮ್ಮ ಮುಖವನ್ನು ನೋಡಬೇಕು.

1929ರಲ್ಲಿ ಜರ್ಮನಿಯಲ್ಲಿಯೂ 1930ರಲ್ಲಿ ಅಮೆರಿಕದಲ್ಲಿಯೂ ಮಿಂಚಿನ ಬಲ್ಬು ಮಾರುಕಟ್ಟೆಗೆ ಬಂದಿತು. ಗಾಜಿನ ಬುರುಡೆಯೊಳಗೆ ಅಲ್ಯೂಮಿನಿಯಮ್ಮಿನ ತೆಳು ಹಾಳೆಯೂ ಆಮ್ಲಜನಕವೂ ಇರುತ್ತಿದ್ದುವು. ವಿದ್ಯುತ್ತು ತಗಲಿದೊಡನೆ ಹಾಳೆ ಒಳಗೇ ಉರಿದುಹೋಗುತ್ತಿದ್ದಿತು. ಹೊಗೆಯಿಲ್ಲ, ಸದ್ದಿಲ್ಲ. ನಾಯಿಗಳ ಪಾಲಿಗೆ ಇದು ದೊಡ್ಡ ಉಪಕಾರವೇ ಸರಿ. ಒಂದು ಬಲ್ಬು ಒಂದೇ ಸಲಕ್ಕೆ, ಬಳಿಕ ಬಿಸಾಡಬೇಕು. ಕೆಲವೊಮ್ಮೆ ಗಾಜು ಒಡೆದು ಚೂರು ಸಿಡಿಯುವ ಅಪಾಯವಿದ್ದುದರಿಂದ ಜಾಗರೂಕರಾದವರು ಬಲ್ಬಿನ ಮೇಲೆ ಕರವಸ್ತ್ರವನ್ನು ಹೊದಿಸುತ್ತಿದ್ದರು. ಗಾಯವಾಗದಿರಲೆಂದು ಹೊದಿಸಿದ ಆ ಕರವಸ್ತ್ರ ಹತ್ತಿರದ ಮುಖಗಳ ಮೇಲೆ ಬೀಳುವ ಬೆಳಕಿನ ಬಿರುಸನ್ನೂ ತಗ್ಗಿಸಿತು. ಒಂದು ಮಡಿಕೆಗೆ ಸುಮಾರು ಅರ್ಧದಷ್ಟು ಬೆಳಕು ಸೋರಿಹೋಗುವುದೆಂಬ ಲೆಕ್ಕ ಬಾಯಿಂದ ಬಾಯಿಗೆ ಹಬ್ಬಿತು. 1931ರಿಂದ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಬೆಳೆಸಿದ ಅನಿಲಕೊಳವೆಯ ವಿದ್ಯುತ್ ಮಿಂಚು ಕ್ರಮೇಣ ಬಲ್ಬನ್ನು ಹಿಂದಕ್ಕೆ ತಳ್ಳಿತು. ಇದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಮೆ ಹೊತ್ತು ಬೆಳಗಬಲ್ಲದು. ಓಡುವ ನಾಯಿಯ ಕಾಲನ್ನೂ ಗಾಳಿಯಲ್ಲಿ ತಡೆದು ನಿಲ್ಲಿಸಬಲ್ಲದು.

ಆದರೆ ಬಲ್ಬಿಗೂ ಈ ಕೊಳವೆಗೂ ಒಂದು ದೋಷ ಸಮಾನ. ಎರಡೂ ಬಹಳ ಚಿಕ್ಕವು. ಇಲ್ಲಿ ಸ್ವಲ್ಪ ನಿಲ್ಲಬೇಕು. ಬಹು ಮಂದಿ ತಪ್ಪು ತಿಳಿದಿರುವುದು ಇಲ್ಲಿಯೇ.

ನೆರಳಿನ ಅಂಚು ಗಡುಸಾಗುವುದೂ ಮೃದುವಾಗುವುದೂ ಬೆಳಕಿನ ಬಲವನ್ನು ಅವಲಂಬಿಸಿದುದಲ್ಲ. ವಸ್ತುವಿನ ಕಡೆಯಿಂದ ನೋಡಿದಾಗ ಬೆಳಕು ಎಷ್ಟು ವಿಸ್ತಾರವಾಗಿ ಕಾಣುತ್ತದೆಯೆಂಬುದನ್ನು ಅವಲಂಬಿಸಿದುದು. ಸೂರ್ಯನು ಎಷ್ಟು ದೊಡ್ಡವನಾದರೂ ನಮ್ಮ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಅಗಲ. ಆದಕಾರಣ ಮಧ್ಯಾಹ್ನದ ನೆರಳು ಗೆರೆ ಕೊರೆದಂತಿರುತ್ತದೆ. ಮೋಡ ಮುಸುಕಿದರೆ ಇಡೀ ಆಕಾಶವೇ ದೀಪವಾಗುತ್ತದೆ, ನೆರಳು ಕರಗುತ್ತದೆ. ಎರಡಂಗುಲದ ಮಿಂಚಿನ ಮುಖಕ್ಕೆ ಎರಡಂಗುಲದ ಎಣ್ಣೆಕಾಗದವನ್ನೋ ಹಾಲಿನ ಬಣ್ಣದ ಡಬ್ಬಿಯ ಮುಚ್ಚಳವನ್ನೋ ಅಂಟಿಸಿದರೆ ಬೆಳಕು ಮಂದವಾಗುತ್ತದೆ, ದೊಡ್ಡದಾಗುವುದಿಲ್ಲ. ಚಿಕ್ಕ ಕೋಣೆಯಲ್ಲಾದರೆ ಅದು ಬೆಳಕನ್ನು ಸುತ್ತಲೂ ಚೆಲ್ಲಿ, ಸುಣ್ಣದ ಗೋಡೆಗಳೂ ಮಾಡೂ ಅದನ್ನು ಮರಳಿಸಿ, ಸ್ವಲ್ಪ ಮೃದುತ್ವ ಬರುವುದುಂಟು. ಆ ಪುಣ್ಯ ಗೋಡೆಗೆ ಸೇರಿದುದು, ಮುಚ್ಚಳಕ್ಕಲ್ಲ. ಬಯಲಿನಲ್ಲಿ ಅದೇ ಮುಚ್ಚಳವನ್ನು ಹಾಕಿಕೊಂಡು ನಾಯಿಯ ಹಿಂದೆ ಓಡುವವರು ಬೆಳಕನ್ನು ಹೊಲಕ್ಕೆ ಚೆಲ್ಲುತ್ತಿದ್ದಾರೆಂದೇ ಹೇಳಬೇಕು. ಅಂಗಡಿಯವರು ಇಂಥ ಮುಚ್ಚಳಗಳನ್ನು ಬೆಲೆಗೆ ಮಾರುತ್ತಾರೆ. ಕೊಂಡುಕೊಂಡವರಲ್ಲಿ ನಾನೂ ಒಬ್ಬ.

ಬೆಳಕು ನಿಜವಾಗಿ ಮೃದುವಾಗಬೇಕಾದರೆ ಮಿಂಚಿನಿಂದ ಎರಡು ಮೂರು ಅಡಿ ಮುಂದೆ, ನಾಯಿಗೆ ಹತ್ತಿರವಾಗಿ, ಹಾಸಿಗೆಯ ಹೊದಿಕೆಯಷ್ಟು ಅಗಲದ ಬಿಳಿಯ ಬಟ್ಟೆ ನಿಲ್ಲಬೇಕು. ಆಗ ಆ ಬಟ್ಟೆಯೇ ದೀಪ. ನಾದಾರನ ಪರದೆಯೂ ಹಳೆಯ ಚಿತ್ರಶಾಲೆಯ ಉತ್ತರದ ಕಿಟಕಿಯೂ ಬೇರೆ ರೂಪದಲ್ಲಿ ಮರಳಿ ಬಂದಂತಾಯಿತು. ಪರದೆಯನ್ನು ದೂರ ಸರಿಸಿದಷ್ಟೂ ಅದು ನಾಯಿಯ ಪಾಲಿಗೆ ಚಿಕ್ಕದಾಗುತ್ತ ಹೋಗುತ್ತದೆ. ಬೆಳಕೂ ಬೇಗ ಸೊರಗುತ್ತದೆ.

ಕಣ್ಣಿನ ವಿಷಯ ಬೇರೆ. ಕತ್ತಲಲ್ಲಿ ಬೇಟೆಯಾಡುವ ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪೊರೆಯುಂಟು. ಶಾಸ್ತ್ರಜ್ಞರು ಅದನ್ನು ಟಪೀಟಮ್ ಲ್ಯೂಸಿಡಮ್ ಎನ್ನುತ್ತಾರೆ. ಅಕ್ಷಿಪಟವನ್ನು ದಾಟಿಹೋದ ಬೆಳಕನ್ನು ಅದು ಹಿಂದಕ್ಕೆ ಕಳುಹಿಸಿ ಇನ್ನೊಮ್ಮೆ ನೋಡಲು ಅವಕಾಶ ಕೊಡುತ್ತದೆ. ನಾಯಿಗೆ ಅದು ವರ, ಚಿತ್ರಗಾರನಿಗೆ ಶಾಪ. ಮಂದವಾದ ಬೆಳಕಿನಲ್ಲಿ ಪಾಪೆ ಅಗಲವಾಗಿ ತೆರೆದಿರುತ್ತದೆ. ಮಿಂಚು ಕ್ಯಾಮೆರಾದ ಕಣ್ಣಿಗೆ ಅಂಟಿಕೊಂಡಿದ್ದರೆ ಹೋದ ದಾರಿಯಲ್ಲೇ ಬೆಳಕು ಮರಳಿ ಮಸೂರಕ್ಕೆ ಬೀಳುತ್ತದೆ. ನಮ್ಮ ಚಿತ್ರದ ಬೆಳ್ಳಿಯ ಪಾವಲಿಗಳು ಇವೇ. ಬಟ್ಟೆ ಹೊದಿಸಿದ ಮಾತ್ರಕ್ಕೆ ಇದು ಹೋಗದು. ಮಿಂಚನ್ನು ಕ್ಯಾಮೆರಾದಿಂದ ಬಿಡಿಸಿ ಪಕ್ಕಕ್ಕೆ ಒಯ್ಯಬೇಕು. ಮುಧೋಳದ ನಾಯಿಗೆ ಇನ್ನೊಂದು ಕಾರಣಕ್ಕೂ ಪಕ್ಕದ ಬೆಳಕೇ ತಕ್ಕುದು. ಎದುರಿನಿಂದ ಬಿದ್ದ ಬೆಳಕು ಅದರ ನುಣುಪು ಮೈಯ ಮೇಲೆ ಜಿಡ್ಡಿನಂತೆ ಹೊಳೆದು ಇಡೀ ದೇಹವನ್ನು ಹಲಗೆಯಾಗಿಸುತ್ತದೆ. ಪಕ್ಕದಿಂದ ಬಂದರೆ ಎದೆಯ ಆಳ, ಪಕ್ಕೆಲುಬಿನ ಸಾಲು, ಒಳಗೆ ಸೆಳೆದುಕೊಂಡ ಹೊಟ್ಟೆ, ತೊಡೆಯ ಸ್ನಾಯು ಒಂದೊಂದಾಗಿ ಎದ್ದು ಬರುತ್ತವೆ.

ಇಷ್ಟನ್ನು ಪುಸ್ತಕಗಳಿಂದ ಕಲಿತ ಮೇಲೆ ಹಳ್ಳಿಗೆ ಹೋದೆನು. ನಮ್ಮ ಹೊಲದ ನೆರೆಯವರ ಮನೆಯಲ್ಲಿ ಮಾಸಲು ಬಣ್ಣದ ಹೆಣ್ಣುನಾಯಿಯೊಂದಿದೆ. ಅಜ್ಜನ ನಾಯಿಯ ವಂಶದ್ದೇ ಎಂದು ಅವರು ಹೇಳುತ್ತಾರೆ, ನಾನು ವಾದಿಸುವುದಿಲ್ಲ. ನಾಲ್ಕು ಬಿದಿರಿನ ಗಳುಗಳನ್ನು ಕಟ್ಟಿ ನಾಲ್ಕಡಿ ಉದ್ದ ಮೂರಡಿ ಅಗಲದ ಚೌಕಟ್ಟನ್ನು ಮಾಡಿಸಿದೆನು. ಅದಕ್ಕೆ ಬಿಗಿಯಲು ಬಿಳಿಯ ಬಟ್ಟೆಯನ್ನು ಹುಡುಕುತ್ತಿರುವಾಗ ತಂಗಿ ಪೆಟ್ಟಿಗೆಯಿಂದ ಅಜ್ಜನ ಹಳೆಯ ಧೋತರವನ್ನು ತೆಗೆದುಕೊಟ್ಟಳು. ಒಗೆದು ಒಗೆದು ತೆಳುವಾಗಿ ಹೂವಿನಂತಾಗಿದ್ದಿತು. ಪೇಟೆಯ ಯಾವ ಪರದೆಗೂ ಅದು ಕಡಮೆಯಲ್ಲ.

ಮೊದಲ ದಿವಸ ಚಿತ್ರವನ್ನೇ ತೆಗೆಯಲಿಲ್ಲ. ಚೌಕಟ್ಟನ್ನು ಕಟ್ಟೆಯ ಬಳಿ ಒರಗಿಸಿಟ್ಟು ಸುಮ್ಮನಾದೆವು. ನಾಯಿ ಎರಡು ಸುತ್ತು ಬಂದು ನೋಡಿತು, ಮುಂಗಾಲಿನಿಂದ ಒಮ್ಮೆ ಬಟ್ಟೆಯನ್ನು ತಟ್ಟಿತು, ಬಳಿಕ ಅದರ ನೆರಳಿನಲ್ಲಿಯೇ ಮಲಗಿತು. ಎರಡನೆಯ ದಿವಸ ಮಿಂಚನ್ನು ಬೆನ್ನ ಹಿಂದೆ, ಬಹಳ ಕಡಮೆ ಬಲದಲ್ಲಿ, ಅದು ರೊಟ್ಟಿ ತಿನ್ನುವಾಗ ಹೊಡೆದು ನೋಡಿದೆವು. ಕಿವಿ ನಿಮಿರಿತು, ಬಾಯಿ ನಿಲ್ಲಲಿಲ್ಲ. ಮೂರನೆಯ ಸಂಜೆ ಪರದೆಯನ್ನು ಅದರ ಎಡಕ್ಕೆ ಮೂರಡಿ ದೂರದಲ್ಲಿ ನಿಲ್ಲಿಸಿ, ಮಿಂಚನ್ನು ಪರದೆಯ ಹಿಂದಿಟ್ಟು, ನೆರೆಯವರ ಮಗನು ಹೊಲದ ಕಡೆಯಿಂದ ಸಿಳ್ಳು ಹಾಕಿದಾಗ ಗುಂಡಿಯನ್ನು ಒತ್ತಿದೆನು. ನಾಯಿ ಕದಲಲಿಲ್ಲ. ಸಿಳ್ಳು ಬಂದ ಕಡೆಯನ್ನೇ ನೋಡುತ್ತ ನಿಂತಿದ್ದಿತು.

ಆ ಚಿತ್ರ ಈಗ ಹಳೆಯದರ ಕೆಳಗೆ ತೂಗುತ್ತಿದೆ. ಕಣ್ಣಿನ ಕಪ್ಪಿನಲ್ಲಿ ಚಿಕ್ಕದೊಂದು ಬಿಳಿಯ ಚೌಕ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಬಿದಿರಿನ ಗಳುವಿನ ಗೆರೆಯೂ ತಿಳಿಯುತ್ತದೆ. ಅಜ್ಜನ ನಾಯಿಯನ್ನು ಬಲ್ಲ ನಮ್ಮ ಕಾಕಾ ಅದರ ಮುಂದೆ ಬಹಳ ಹೊತ್ತು ನಿಂತಿದ್ದು, ಅದು ಹೀಂಗ ನೋಡತಿತ್ತು ಎಂದಷ್ಟೇ ಹೇಳಿದರು. ಧೋತರವನ್ನು ತಂಗಿ ಒಗೆದು ಮರಳಿ ಪೆಟ್ಟಿಗೆಯಲ್ಲಿಟ್ಟಿದ್ದಾಳೆ. ನಾಯಿ ಕಾಲೂರಿದ ಕಡೆ ಎರೆಮಣ್ಣಿನ ಗುರುತು ಮಾತ್ರ ಹೋಗಿಲ್ಲ.